ಮನೆಯೊಳಗೆ ಕೂಡುವ ಸಭೆ

(ಓದತಕ್ಕ ವೇದಭಾಗ: ಫಿಲೆಮೋನನಿಗೆ ಬರೆದ ಪತ್ರಿಕೆ)



ಪೌಲನ ಪತ್ರಿಕೆಗಳೊಳಗೆ ಅತಿ ಚಿಕ್ಕದಾದ ಈ ಪತ್ರಿಕೆಯು ಒಬ್ಬ ಯಜಮಾನನಿಗೆ ಅವನ ದಾಸನ ವಿಷಯವಾಗಿ ಬರೆದ ಸ್ವಂತ ಕಾಗದವೆಂದು ಅನೇಕರು ಎಣಿಸುತ್ತಾರೆ. ಆದರೆ ಅದರ ಎರಡನೆಯ ವಚನವನ್ನು ಗಮನವಿಟ್ಟು ನೋಡಿರಿ. ಸೆರೆಯಲ್ಲಿದ್ದ ಅಪೊಸ್ತಲನು ಫಿಲೆಮೋನನನ್ನೂ ಅಪ್ಫಿಯಳನ್ನೂ ಅರ್ಖಿಪ್ಪನನ್ನೂ ವಂದಿಸಿ ಸುಮ್ಮನಾಗದೆ, ಆ ಮನೆಯಲ್ಲಿ ಕೂಡಿಬರುತ್ತಿದ್ದ ಸಭೆಯವರನ್ನೂ ಅವರ ಸಂಗಡ ಸೇರಿಸುತ್ತಾನೆ. ಹಾಗಾದರೆ ಇದು ಯಜಮಾನನು ಒಬ್ಬಂಟಿಗನಾಗಿ ದೀಪದ ಮುಂದೆ ಓದಿ ಪೆಟ್ಟಿಗೆಯಲ್ಲಿ ಮಡಿಸಿಡತಕ್ಕ ಕಾಗದವಲ್ಲ. ಅವನ ಸ್ವಂತ ಮನೆಯಲ್ಲಿ, ಅವನ ಸಂಗಡ ರೊಟ್ಟಿಯನ್ನು ಮುರಿಯುವವರೂ ಪ್ರಾರ್ಥಿಸುವವರೂ ಕೇಳತಕ್ಕ ಕಾಗದ. ಇದು ಯಾಕೆ ಹೀಗಾಯಿತೆಂಬದನ್ನು ಸ್ವಲ್ಪ ಮುಂದೆ ವಿಚಾರಿಸೋಣ.

ಆ ಕಾಲದ ಕ್ರೈಸ್ತರಿಗೆ ದೇವಾಲಯದ ಕಟ್ಟಡಗಳಿರಲಿಲ್ಲ. ಪೇತ್ರನು ಸೆರೆಯಲ್ಲಿದ್ದ ರಾತ್ರಿ ಯೆರೂಸಲೇಮಿನ ವಿಶ್ವಾಸಿಗಳು ಮಾರ್ಕನ ತಾಯಿಯಾದ ಮರಿಯಳ ಮನೆಯಲ್ಲಿ ಪ್ರಾರ್ಥಿಸುತ್ತಿದ್ದರು. ಫಿಲಿಪ್ಪಿಯಲ್ಲಿ ಲುದ್ಯಳ ಮನೆ, ಲವೊದಿಕೀಯದಲ್ಲಿ ನುಂಫಳ ಮನೆ. ಗುಡಾರ ಮಾಡುವ ಕಸುಬಿನವರಾದ ಅಕ್ವಿಲನೂ ಪ್ರಿಸ್ಕಳೂ ಎಫೆಸದಲ್ಲಿದ್ದಾಗ ಅಲ್ಲಿ, ರೋಮಿನಲ್ಲಿದ್ದಾಗ ಅಲ್ಲಿ, ತಮ್ಮ ಮನೆಯನ್ನೇ ಸಭೆಗೆ ಕೊಟ್ಟರು. ಸುರಿಯ ದೇಶದಲ್ಲಿ ಯೂಫ್ರೇಟೀಸ್ ನದಿಯ ದಡದಲ್ಲಿದ್ದ ದೂರಾ ಎಂಬ ಪಟ್ಟಣದ ಹಾಳುಗಳನ್ನು 1930ರ ದಶಕದ ಆರಂಭದಲ್ಲಿ ಅಗೆದಾಗ, ಕ್ರಿ.ಶ. 3ನೆಯ ಶತಮಾನದ ಇಂಥ ಒಂದು ಮನೆ ದೊರೆಯಿತು. ಹೊರಗೆ ಅದು ನೆರೆಯ ಮನೆಗಳಂತೆಯೇ ಇತ್ತು. ಒಳಗೆ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದು ಒಂದು ಮಾಡಿದ್ದರು. ಮತ್ತೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿಯೂ ಅದರ ಮೇಲಣ ಗೋಡೆಯಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಚಿತ್ರವೂ ಇದ್ದವು.

ಇಂಥ ಚಿಕ್ಕ ಕೂಟಗಳಲ್ಲಿ ಆತ್ಮೀಯ ಬೆಳವಣಿಗೆ ಹೇಗೆ ಉಂಟಾಗುತ್ತದೆ? ದೊಡ್ಡ ದೇವಾಲಯದಲ್ಲಿ ಒಬ್ಬನು ಹಿಂದಿನ ಸಾಲಿನಲ್ಲಿ ಕೂತು, ಪ್ರಸಂಗ ಮುಗಿದ ಕೂಡಲೇ ಎದ್ದು ಹೋಗಬಹುದು. ಅವನ ಹೃದಯದ ಸ್ಥಿತಿಯನ್ನು ಯಾರೂ ಕೇಳುವದಿಲ್ಲ. ಮನೆಯಲ್ಲಿ ಎಂಟು ಹತ್ತು ಮಂದಿ ಒಂದೇ ಚಾಪೆಯ ಮೇಲೆ ಕೂತಾಗ ಅದು ಸಾಗುವದಿಲ್ಲ. ಅತ್ತೆಸೊಸೆಯರು ಮಾತು ಬಿಟ್ಟದ್ದು ಅಲ್ಲಿ ಗೊತ್ತಾಗುತ್ತದೆ. ಸಾಲಗಾರನ ಮುಖವೂ ಸಾಲ ಕೊಟ್ಟವನ ಮುಖವೂ ಎದುರುಬದುರಾಗುತ್ತವೆ.

ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ 1742ನೆಯ ಇಸವಿಯಲ್ಲಿ ಜಾನ್ ವೆಸ್ಲಿಯವರ ಜನರು ತಮ್ಮ ಕೂಟದ ಕಟ್ಟಡದ ಸಾಲವನ್ನು ತೀರಿಸುವ ಉಪಾಯವನ್ನು ಹುಡುಕುತ್ತಿದ್ದರು. ತಲೆಗೆ ವಾರಕ್ಕೊಂದು ಪೆನ್ನಿ ಕೊಡಬೇಕೆಂದೂ, ಹನ್ನೆರಡು ಮಂದಿಗೆ ಒಬ್ಬನು ಮನೆಮನೆಗೆ ಹೋಗಿ ಅದನ್ನು ಕೂಡಿಸಬೇಕೆಂದೂ ಗೊತ್ತಾಯಿತು. ಬಡವರು ಎಲ್ಲಿಂದ ಕೊಟ್ಟಾರೆಂಬ ಮಾತು ಬಂದಾಗ, ಆ ಸಲಹೆ ಕೊಟ್ಟವನೇ, ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಬಿಡಿರಿ, ಅವರು ಕೊಡಲಾರದಿದ್ದರೆ ಅವರ ಪಾಲನ್ನು ನಾನು ಕೊಡುವೆನು ಎಂಬ ಅರ್ಥದ ಮಾತನ್ನಾಡಿದನಂತೆ. ಹಣಕ್ಕಾಗಿ ಬಾಗಿಲು ತಟ್ಟಿದವರು ಒಳಗೆ ಒಬ್ಬನು ಹೆಂಡತಿಯ ಸಂಗಡ ಜಗಳವಾಡುವದನ್ನೂ ಮತ್ತೊಬ್ಬನು ಕುಡಿದಿರುವದನ್ನೂ ಕಂಡರು. ಪ್ರಸಂಗ ಪೀಠದಿಂದ ಕಾಣದೆ ಇದ್ದದ್ದು ಹೊಸ್ತಿಲಿನಿಂದ ಕಂಡಿತು. ಅಂದಿನಿಂದ ಆ ಹನ್ನೆರಡು ಮಂದಿ ವಾರಕ್ಕೊಮ್ಮೆ ಕೂಡಿ ತಮ್ಮ ಆತ್ಮಗಳ ಕ್ಷೇಮವನ್ನು ವಿಚಾರಿಸಿಕೊಳ್ಳುವ ಪದ್ಧತಿ ನಿಂತಿತು. ಸಭೆಯ ಸಾಲದಿಂದಲೂ ದೇವರು ಒಳ್ಳೇದನ್ನು ಹೊರಡಿಸಬಲ್ಲನು!

ಕನ್ನಡ ಸೀಮೆಗೂ ಇಂಥ ಕೂಟಗಳಿಗೂ ಹಳೆಯ ಸಂಬಂಧವಿದೆ. ಜರ್ಮನಿಯ ಫ್ರಾಂಕ್‌ಫುರ್ಟಿನಲ್ಲಿ ಸ್ಪೇನರ್ ಎಂಬ ಬೋಧಕರು 1670ರಲ್ಲಿ ತಮ್ಮ ಮನೆಯಲ್ಲಿ ಕೆಲವರನ್ನು ಕೂಡಿಸಿದರು. ವ್ಯೂರ್ಟೆಂಬೆರ್ಗ್ ಸಂಸ್ಥಾನದಲ್ಲಿ ಇಂಥ ಮನೆಕೂಟಗಳಿಗೆ 1743ರಲ್ಲಿ ಅಪ್ಪಣೆ ದೊರೆಯಿತು. ಅಲ್ಲಿಯ ಜನರು ಅದನ್ನು ಬರೇ ‘ಗಂಟೆ’ ಎಂಬರ್ಥದ ಹೆಸರಿನಿಂದ ಕರೆದರು. 1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಬೋಧಕರಲ್ಲಿ ಅನೇಕರು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ ಸಹ, ಆ ಸೀಮೆಯವರೇ. ಆದರೂ ಒಂದು ಮಾತನ್ನು ಮುಚ್ಚಬಾರದು. ಸ್ಪೇನರರ ಕೂಟದವರಲ್ಲಿಯೇ ಕೆಲವರು ಕಾಲಕ್ರಮದಲ್ಲಿ ಸಭೆಯನ್ನೂ ಕರ್ತನ ಭೋಜನವನ್ನೂ ಬಿಟ್ಟು ಪ್ರತ್ಯೇಕವಾದರು. ನಾವು ಗೋಧಿ, ಉಳಿದವರು ಹೊಟ್ಟು ಎಂಬ ಗರ್ವವು ಚಿಕ್ಕ ಕೂಟಕ್ಕೆ ಬೇಗನೆ ಹತ್ತುವ ರೋಗ.

ಅದಕ್ಕಿಂತಲೂ ಕಠಿಣವಾದ ವಿಷಯವೊಂದಿದೆ. ದೇವಾಲಯದ ಬಾಗಿಲು ಎಲ್ಲರಿಗೂ ಸೇರಿದ್ದು; ಮನೆಯ ಹೊಸ್ತಿಲಾದರೋ ಯಜಮಾನನದು. ಕೊರಿಂಥದವರು ಕೂಡಿದಾಗ ಉಳ್ಳವರು ಮೊದಲು ಉಂಡು ಅಮಲೇರಿದರು, ಇಲ್ಲದವರು ಹಸಿದೇ ಉಳಿದರು. ಇದು ಅವಮಾನವೆಂದು ಪೌಲನು ಗದರಿಸಿದನು (1 ಕೊರಿಂಥ 11). ಈಗ ಫಿಲೆಮೋನನ ಮನೆಗೆ ತಿರಿಗಿ ಬರೋಣ. ಬಾಗಿಲಲ್ಲಿ ಒನೇಸಿಮನು ನಿಂತಿದ್ದಾನೆ. ಯಜಮಾನನನ್ನು ಅಗಲಿ ಹೋಗಿದ್ದ ದಾಸನು, ಸೆರೆಯಲ್ಲಿದ್ದ ಪೌಲನಿಂದ ವಿಶ್ವಾಸಕ್ಕೆ ಬಂದವನು. ಇವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ, ನನ್ನನ್ನೇ ಸೇರಿಸಿಕೊಂಡ ಹಾಗೆ ಸೇರಿಸಿಕೋ ಎಂದು ಅಪೊಸ್ತಲನು ಬೇಡುತ್ತಾನೆ. ಅವನು ತೀರಿಸಬೇಕಾದದ್ದೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ತನ್ನ ಕೈಯಿಂದಲೇ ಬರೆಯುತ್ತಾನೆ. ಆ ದಿನ ಇದನ್ನು ಆ ಸಭೆಯವರೂ ಕೇಳಬೇಕಿತ್ತು. ಯಜಮಾನನು ಯಾವ ಉತ್ತರ ಕೊಡುವನೋ ಎಂದು ಅವರು ನೋಡುವರು. ಒನೇಸಿಮನ ಪಕ್ಕದಲ್ಲಿ ಕೂಡ್ರುವಿರೋ ಎಂದು ಯಜಮಾನನು ಅವರನ್ನು ನೋಡುವನು. ಫಿಲೆಮೋನನು ಏನು ಮಾಡಿದನೆಂಬದನ್ನು ವೇದವು ತಿಳಿಸುವದಿಲ್ಲ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ರವಿವಾರದಲ್ಲಿ ಕರ್ತನ ಒಂದೇ ಪಾತ್ರೆಯಿಂದ ಕುಡಿದವರು ಸೋಮವಾರದಲ್ಲಿ ಒಬ್ಬರ ಮನೆಯ ನೀರನ್ನು ಒಬ್ಬರು ಮುಟ್ಟದಿರುವದುಂಟು. ಮನೆಕೂಟವೂ ಬಹಳ ಸಾರಿ ಸೌಕರ್ಯವುಳ್ಳ ಒಂದೆರಡು ಮನೆಗಳಲ್ಲಿಯೇ ತಿರುಗುತ್ತದೆ. ಕಡೆಯ ಓಣಿಯವರು ಬಂದರೆ ಕಟ್ಟೆಯ ಮೇಲೆ ಕೂತು ಕೇಳಿ ಹೋಗುತ್ತಾರೆ. ಅಲ್ಲಿ ಮಾಡುವ ದೀರ್ಘ ಪ್ರಾರ್ಥನೆಗಳಿಗಿಂತ, ಕಟ್ಟೆಯ ಮೇಲಿದ್ದವನನ್ನು ಒಳಗೆ ಕರೆದು ಒಲೆಯ ಬಳಿಯಲ್ಲಿ ಒಂದು ಬಟ್ಟಲು ಮಜ್ಜಿಗೆ ಕೊಡುವದು ಹೆಚ್ಚು ಕಷ್ಟ. ಕ್ರಿಸ್ತನಲ್ಲಿ ಬೆಳೆಯುವದು ಆ ಕಷ್ಟದಲ್ಲಿಯೇ ಪ್ರಾರಂಭವಾಗುತ್ತದೆ ಎಂದು ನನಗೆ ತೋರುತ್ತದೆ.

ಈ ತಿಂಗಳಿನ ಮನೆಕೂಟಗಳಲ್ಲಿ ಈ ಪತ್ರಿಕೆಯನ್ನೇ ತೆಗೆದುಕೊಳ್ಳಿರಿ. ಇರುವದು 25 ವಚನಗಳು ಮಾತ್ರ. ಓದಬಲ್ಲವನು ಒಬ್ಬನೇ ಇದ್ದರೂ ಸಾಕು. ಅವನು ನಿಧಾನವಾಗಿ ಎರಡಾವರ್ತಿ ಓದಲಿ. 22ನೆಯ ವಚನದಲ್ಲಿ ಪೌಲನು ತನಗೂ ಇಳುಕೊಳ್ಳುವದಕ್ಕೆ ಸ್ಥಳವನ್ನು ಸಿದ್ಧಮಾಡಬೇಕೆಂದು ಕೇಳುತ್ತಾನೆ. ಅಲ್ಲಿ ಸ್ವಲ್ಪ ನಿಲ್ಲಿಸಿ, ನಮ್ಮ ಕೂಟವು ಇದುವರೆಗೆ ಕಾಲಿಡದ ವಿಶ್ವಾಸಿಯ ಮನೆ ಯಾವದೆಂದು ಒಬ್ಬರನ್ನೊಬ್ಬರು ಕೇಳಿರಿ. ಆ ಮನೆಯವರ ಒಪ್ಪಿಗೆಯನ್ನು ಪಡೆದು ಮುಂದಿನ ವಾರ ಅಲ್ಲಿಯೇ ಕೂಡಿರಿ. ಅವರಲ್ಲಿ ಚಾಪೆ ಸಾಲದಿದ್ದರೆ ನಿಮ್ಮ ಮನೆಯಿಂದ ಒಯ್ಯಿರಿ. ಅವರು ಕೊಟ್ಟ ನೀರನ್ನು ಕುಡಿಯಿರಿ.