ಸಾಲ ಜಾಂಬೋಟಿಯದು, ಜಮಾ ಚರ್ಚಿಗೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಪ್ಯಾಸೆಂಜರ್ ಗಾಡಿ. ಕಿಟಕಿ ಪಕ್ಕ ಎದುರುಬದುರು ಇಬ್ಬರು: ಮೆಥೊಡಿಸ್ಟ್ ಸಭೆಯ ನಿವೃತ್ತ ಮಾಸ್ತರು, ಮತ್ತು ಅವರ ಹಳೆಯ ವಿದ್ಯಾರ್ಥಿಯಾದ, ಖಾನಾಪುರದ ಕಡೆ ಇಟ್ಟಂಗಿ ಭಟ್ಟಿ ನಡೆಸುವ ಕ್ಯಾಥೊಲಿಕ್ ಮಾಲಕ.

ಮಾಲಕ: ಮಾಸ್ತರ, ಈಸ್ಟರ್ ಹಬ್ಬಕ್ಕ ಮೊದಲ ಫಾದರ್ ಹತ್ರ ಪಾಪನಿವೇದನೆ ಮಾಡಿದೆ. ಕ್ಷಮೆ ಸಿಕ್ಕಿತು, ಅವರು ಹೇಳಿದ ಜಪಾನೂ ಮುಗಿಸಿದೆ. ಆದ್ರ ಮನಸ್ಸು ಹಗುರ ಆಗವಲ್ದು. ನನ್ನ ವಿಶ್ವಾಸನ ಕಡಿಮಿ ಬಿದ್ದೈತೇನ್ರಿ?

ಮಾಸ್ತರ: ವಿಶ್ವಾಸದ ಮಾತು ಆಮ್ಯಾಲೆ. ಮಾಡಿದ್ದೇನು, ಅದನ್ನ ಹೇಳು.

ಮಾಲಕ: ಭಟ್ಟಿ ಹೊಸದಾಗಿ ಹಾಕಿದಾಗ ಜಾಂಬೋಟಿ ಕಡೆಯ ಗಂಡ-ಹೆಂಡ್ತಿ ಕೆಲಸಕ್ಕ ಬರ್ತಿದ್ರು. ಸಾವಿರ ಇಟ್ಟಂಗಿಗೆ ಇಷ್ಟು ಅಂತ ಪಗಾರ. ನಾ ಸಾವಿರಕ್ಕ ನೂರು ‘ಒಡಕು’ ಅಂತ ವಹಿಯೊಳಗ ಕಳೀತಿದ್ದೆ. ಖರೇ ಒಡೀತಿದ್ದು ಇಪ್ಪತ್ತೋ ಮೂವತ್ತೋ. ಆ ಗಂಡಗ ಓದಾಕ ಬರತಿದ್ದಿಲ್ಲ. ಎರಡು ಹಂಗಾಮು ಹಂಗ ನಡೀತು.

ಮಾಸ್ತರ: ಇದನ್ನ ಅವಗ ಹೇಳೀಯೇನು?

ಮಾಲಕ: ದೇವರ ಮುಂದ ಒಪ್ಪಿಗೊಂಡೀನಲ್ರಿ. ದಾವೀದ ಅರಸನೂ ತನ್ನ ತಪ್ಪು ದೇವರ ಮುಂದನ ಹೇಳಿಕೊಂಡು ಅತ್ತಾನ.

ಮಾಸ್ತರ: ದಾವೀದ ಕ್ಷಮೆ ಕೇಳಬೇಕಾಗಿದ್ದ ಊರೀಯ ಅಷ್ಟೊತ್ತಿಗೆ ಮಣ್ಣಾಗಿದ್ದ. ಯುದ್ಧದಾಗ ಮುಂದ ನಿಲ್ಲಿಸಿ ಕೊಲ್ಲಿಸಿದಾಂವನೂ ದಾವೀದನ. ನಿನ್ನ ಮನುಷ್ಯ ಇನ್ನೂ ಬದುಕ್ಯಾನ. ಅದು ನಿನ್ನ ಪುಣ್ಯ.

ಮಾಲಕ: ಕೃಪೆ ಪುಕ್ಕಟೆ ಅನ್ನಾವ್ರು ನೀವು ಪ್ರಾಟೆಸ್ಟಂಟರು. ಈಗ ರೊಕ್ಕ ಎಣಿಸು ಅಂತೀರೇನು?

ಮಾಸ್ತರ: ಸುಂಕ ವಸೂಲಿ ಮಾಡತಿದ್ದ ಜಕ್ಕಾಯನ್ನ ನೋಡು. ಯೇಸು ಅವನ್ನ ಗಿಡದಿಂದ ಇಳಿಸಿ ಅವನ ಮನಿಗೆ ಹೋದಾಗ ಲೆಕ್ಕಪತ್ರ ಕೇಳಲಿಲ್ಲ. ಮೋಸದಿಂದ ತಗೊಂಡಿದ್ದಕ್ಕ ನಾಲ್ಕು ಪಟ್ಟು ಕೊಡ್ತೀನಿ ಅಂತ ಅವನ ಎದ್ದು ನಿಂತ. ರೊಕ್ಕ ಕೊಟ್ಟು ಕ್ಷಮೆ ಕೊಳ್ಳಲಿಲ್ಲ ಅವ. ಕ್ಷಮೆ ಮನಿಗೆ ಬಂದ ಮ್ಯಾಲೆ ಆ ಗಂಟು ಇಟಗೋಳಾಕ ಮನಸ್ಸು ಆಗಲಿಲ್ಲ. 1992ರಾಗ ಬಂದ ನಿಮ್ಮ ಧರ್ಮೋಪದೇಶ ಗ್ರಂಥದಾಗೂ ಇದನ್ನ ಹೇಳ್ಯಾರ: ಪಾಪ ಕಳೀತು ಅಂದ್ರ ಆದ ನುಕ್ಸಾನ ತುಂಬಿದಂಗ ಅಲ್ಲ, ಕದ್ದದ್ದನ್ನ ತಿರುಗಿ ಕೊಡಬೇಕು.

ಮಾಲಕ: ಫಾದರೂ ಹಂಗ ಅಂದ್ರು, ಕೈಲಾದಷ್ಟು ತೀರಿಸು ಅಂತ. ಅದಕ್ಕ ಚರ್ಚಿನ ಕಾಣಿಕೆ ಡಬ್ಬಿಗೆ ಹತ್ತು ಸಾವಿರ ಹಾಕಿದೆ.

ಮಾಸ್ತರ: ಸಾಲ ಜಾಂಬೋಟಿಯದು, ಜಮಾ ಚರ್ಚಿಗೆ! ಕಾಣಿಕೆ ಬಲಿಪೀಠದ ಮುಂದ ಬಿಟ್ಟು, ಮೊದಲ ಹೋಗಿ ರಾಜಿ ಆಗು ಅಂತ ಮತ್ತಾಯನ ಸುವಾರ್ತೆಯೊಳಗೈತಿ. ನೀ ರಾಜಿ ಬಿಟ್ಟು ಕಾಣಿಕೆ ಹಿಡಿದಿ. ನಮ್ಮವರೇನು ಕಡಿಮಿ ಇಲ್ಲ. ಆರಾಧನೆಯೊಳಗ ಎಲ್ಲಾರೂ ಒಂದ ದನಿಲೆ ಪಾಪ ಒಪ್ಪಿಗೊಂತೀವಿ. ಆ ಗದ್ದಲದಾಗ ನನ್ನ ಪಾಪ ನನಗ ಕೇಳಸಂಗಿಲ್ಲ. ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿ 1738ರಾಗ ಸಣ್ಣ ಸಣ್ಣ ಗುಂಪು ಮಾಡಿ, ವಾರಕ್ಕೊಮ್ಮೆ ಒಬ್ಬರಿಗೊಬ್ಬರು ತಪ್ಪು ಹೇಳಿಕೋರಿ ಅಂತ ನೇಮ ಬರೆದಿದ್ದ. ಅದನ್ನ ನಾವು ಎಂದೋ ಬಿಟ್ಟೀವಿ.

(ಗಾಡಿ ದೇಸೂರು ದಾಟಿತು.)

ಮಾಲಕ: ಹೋಗಿ ಹೇಳ್ತೀನಿ ಅನ್ರಿ. ಅವ ಕ್ಷಮಿಸಲಿಲ್ಲ ಅಂದ್ರ? ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸು ಹೇಳ್ಯಾನಲ್ರಿ.

ಮಾಸ್ತರ: ಯಾರಿಗೆ ಹೇಳಿದ? ಎಷ್ಟು ಸಲ ಕ್ಷಮಿಸಲಿ ಅಂತ ಕೇಳಿದ ಪೇತ್ರಗ. ಅದು ನೊಂದವರಿಗೆ ಹೇಳಿದ ಮಾತು. ನೋಯಿಸಿದಾಂವ ಅದನ್ನ ಕೈಯಾಗ ಹಿಡಿದು ವಸೂಲಿಗೆ ಹೋಗಬಾರದು. 1995ರಾಗ ಇಂದೋರ್ ಕಡೆ ಸಮಂದರ್ ಸಿಂಗ್ ಅನ್ನಾಂವ ಸಿಸ್ಟರ್ ರಾಣಿ ಮರಿಯಾ ಅವರನ್ನ ಇರಿದು ಕೊಂದ. 2002ರಾಗ ಅವರ ತಂಗಿ ಸಿಸ್ಟರ್ ಸೆಲ್ಮಿ ಪಾಲ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅದು ಅವರು ತಾವಾಗಿ ಕೊಟ್ಟ ಕ್ಷಮೆ. ಕೊಡದಿದ್ರ ಅವನು ಕೇಳೋ ಹಂಗಿರಲಿಲ್ಲ.

ಮಾಲಕ: ಹಂಗಾರ ಜಾಂಬೋಟಿಯಾಂವ ಬೈದು ಕಳಿಸಿದ್ರ ನಾ ಸಾಯೋತನಕ ಪಾಪಿನ ಏನು?

ಮಾಸ್ತರ: ಅಲ್ಲ. ದೇವರ ಕ್ಷಮೆ ನಿನಗ ಸಿಕ್ಕೈತಿ, ಅವನ ಸಿಟ್ಟಿನಿಂದ ಅದು ಕರಗಂಗಿಲ್ಲ. ಆದ್ರ ಅದು ಸಿಕ್ಕಿದ್ದು ಯಾರೂ ನಿನ್ನ ಮ್ಯಾಲೆ ಸಿಟ್ಟು ಮಾಡಬಾರದು ಅಂತ ಅಲ್ಲ. ಸಿಟ್ಟಾದವರ ಮುಂದ ಓಡಿಹೋಗದ ನಿಲ್ಲಾಕ ಬರಲಿ ಅಂತ. ನೀ ಇನ್ನೂ ಓಡಾಕತ್ತೀದಿ. ಮನಸ್ಸು ಹ್ಯಾಂಗ ಹಗುರ ಆದೀತು?

ಮಾಲಕ: ...ಭಾನುವಾರ ಬಲಿಪೂಜೆ ಮುಗಿಸಿಕೊಂಡು ಹೋಗ್ತೀನ್ರಿ. ರಾತ್ರಿನ ಕೂತು ಲೆಕ್ಕ ತಗೀತೀನಿ.

ಮಾಸ್ತರ: ಹಳೇ ವಹಿ ಐತೇನು?

ಮಾಲಕ: ಐತ್ರಿ.

ಮಾಸ್ತರ: ಅದನ್ನ ಹಂಗ ಒಯ್ಯಿ. ನೀ ಒಮ್ಮೆ ಲೆಕ್ಕ ಹಾಕೀದಿ, ಸಾಕು. ಈ ಸರತಿ ಅವ ಹಾಕಲಿ.

ಮಾಲಕ: ಅವಗ ಓದಾಕ ಬರಂಗಿಲ್ಲಲ್ರಿ.

ಮಾಸ್ತರ: ಮಕ್ಕಳು ಓದಿರ್ತಾರ. ಓದಿ ಹೇಳ್ತಾರ.

ಮಾಲಕ: ಹೆಚ್ಚು ಹೇಳಿದ್ರ?

ಮಾಸ್ತರ: ಎಷ್ಟು ಹೇಳಿದ್ರೂ ಜಕ್ಕಾಯನ ನಾಲ್ಕು ಪಟ್ಟಿನ ಒಳಗ ಬರತೈತಿ, ಬಿಡು.