ಮೇಜಿನ ಕೆಳಗೂ ಜಾಗವಿದೆ

ಸಾಧಾರಣ ಕಾಲದ 20ನೇ ಭಾನುವಾರ, 'ಎ' ವರ್ಷ (ಆಗಸ್ಟ್ 16)
ವಾಚನಗಳು: ಯೆಶಾಯ 56:1, 6-7, ರೋಮನರಿಗೆ 11:13-15, 29-32, ಮತ್ತಾಯ 15:21-28



ಈ ಶುಭಸಂದೇಶ ಓದಿದ ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೊಬ್ಬರು ಬಂದು ಕೇಳದೆ ಇರುವುದಿಲ್ಲ: "ಸ್ವಾಮಿ, ಯೇಸುಸ್ವಾಮಿ ಆ ತಾಯಿಗೆ ಅಷ್ಟು ಕಟುವಾಗಿ ಏಕೆ ಹೇಳಿದರು?" ಕೇಳಬೇಕಾದ ಪ್ರಶ್ನೆಯೇ. ಕಾನಾನ್ ನಾಡಿನವಳು, ಬೇರೆ ಕುಲದವಳು. ಮಗಳ ಸಂಕಟ ನೋಡಲಾರದೆ ಪ್ರಭುವಿನ ಹಿಂದೆಯೇ ಕೂಗುತ್ತಾ ಬಂದಿದ್ದಾಳೆ. ಶಿಷ್ಯರಿಗೆ ಅವಳ ಗಲಾಟೆ ತಪ್ಪಿದರೆ ಸಾಕಾಗಿದೆ. ಪ್ರಭು ಮೊದಲು ಮೌನವಾಗಿರುತ್ತಾರೆ. ಆಮೇಲೆ ಮಕ್ಕಳ ರೊಟ್ಟಿ, ನಾಯಿಗಳ ಮಾತು ಬರುತ್ತದೆ.

ಮೂಲ ಗ್ರೀಕ್ ಭಾಷೆಯಲ್ಲಿರುವ ಪದ ಬೀದಿಯಲ್ಲಿ ಅಲೆಯುವ ನಾಯಿಯದಲ್ಲ, ಮನೆಯಲ್ಲಿ ಓಡಾಡಿಕೊಂಡಿರುವ ಪುಟ್ಟ ನಾಯಿಯದು. ಆ ತಾಯಿ ಆ ಪದವನ್ನೇ ಬಿಗಿಯಾಗಿ ಹಿಡಿದುಕೊಂಡಳು. ರೊಟ್ಟಿ ಮಕ್ಕಳದ್ದು ಎಂಬುದನ್ನು ಅವಳು ಅಲ್ಲಗಳೆಯಲಿಲ್ಲ. ಮಕ್ಕಳ ತಟ್ಟೆಗೆ ಕೈ ಹಾಕಲೂ ಇಲ್ಲ. ಮೇಜಿನಿಂದ ಚೂರು ಹೇಗೂ ಕೆಳಗೆ ಬೀಳುತ್ತದೆ, ಅಲ್ಲಿರುವ ನಾಯಿಗೆ ಅಷ್ಟು ಸಾಕು ಎಂದಳು. ಮಕ್ಕಳ ಪಾಲು ಕಡಿಮೆಯಾಗದೆಯೇ ಇನ್ನೊಂದು ಜೀವ ಬದುಕಿಕೊಳ್ಳುವ ಮನೆ ಅದು. ಪ್ರಭು ಅವಳನ್ನು ನಾಯಿಯೆಂದು ಕಳಿಸಲಿಲ್ಲ, ಅವಳ ವಿಶ್ವಾಸವನ್ನು ಎಲ್ಲರ ಮುಂದೆ ಹೊಗಳಿದರು. ಮಗಳು ಆ ಗಳಿಗೆಯಲ್ಲೇ ಗುಣವಾದಳು. ದೇವರ ಆಲಯ ಎಲ್ಲ ಜನಾಂಗಗಳಿಗೂ ಪ್ರಾರ್ಥನಾಲಯ ಎಂದು ಮೊದಲನೆಯ ವಾಚನದಲ್ಲಿ ಯೆಶಾಯ ಸಾರಿದ್ದು ಅಲ್ಲಿ ನಿಜವಾಯಿತು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಪ್ರಾರ್ಥಿಸುವ ನಮ್ಮ ಧರ್ಮಕ್ಷೇತ್ರದಲ್ಲಿ, ಬೆಳಿಗ್ಗೆ ಆರೂವರೆಯ ಪೂಜೆಯೊಂದೇ ಕನ್ನಡದ್ದಾಗಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ನಾನು ಈ ಕಥೆಯಲ್ಲಿ ಎಲ್ಲರೂ ದಾಟಿ ಹೋಗುವ ಪ್ರಾಣಿಯ ಹತ್ತಿರವೇ ಸ್ವಲ್ಪ ನಿಲ್ಲುತ್ತೇನೆ. ಕಾರಣವೂ ಇದೆ. ಆಗಸ್ಟ್ 16 ಸಂತ ರೋಕ್ ಅವರ ದಿನ. ಭಾನುವಾರ ಬಂದಿರುವುದರಿಂದ ಅವರ ಪೂಜೆ ಇಲ್ಲ, ಸ್ಮರಣೆಗೆ ಅಡ್ಡಿಯಿಲ್ಲ. ಪ್ಲೇಗಿನ ಕಾಲದಲ್ಲಿ ಜನ ಮೊರೆಹೋಗುತ್ತಿದ್ದ ಸಂತರು ಅವರು. ಅವರ ಪ್ರತಿಮೆ ನೋಡಿದ್ದೀರಿ: ತೊಡೆಯ ಮೇಲೆ ಹುಣ್ಣು, ಕಾಲ ಬಳಿ ರೊಟ್ಟಿ ಕಚ್ಚಿಕೊಂಡ ನಾಯಿ. ಫ್ರಾನ್ಸಿನ ಮೊಂಪೆಲಿಯೆ ಊರಿನವರು, ಇಟಲಿಯಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾವೇ ರೋಗಕ್ಕೆ ಬಿದ್ದರು. ಇತರರಿಗೆ ಅಂಟಬಾರದೆಂದು ಕಾಡು ಸೇರಿದಾಗ ಯಾರದೋ ಮನೆಯ ನಾಯಿ ದಿನಾ ರೊಟ್ಟಿ ತಂದುಕೊಟ್ಟಿತು, ಹುಣ್ಣು ನೆಕ್ಕಿತು ಎಂಬುದು ಪರಂಪರೆ. ಲಾಜರನ ಕಥೆಯಲ್ಲೂ ಹಾಗೆಯೇ. ಸಿರಿವಂತ ತಿರುಗಿ ನೋಡದ ಆ ಬಡವನ ಬಳಿಗೆ ಬಂದದ್ದು ನಾಯಿಗಳು. ತೋಬಿತನ ಗ್ರಂಥದಲ್ಲಿ ಮಗ ದೂರದ ಪ್ರಯಾಣಕ್ಕೆ ಹೊರಟಾಗ ಒಂದು ಕಡೆ ದೇವದೂತ ರಫಾಯೇಲ, ಇನ್ನೊಂದು ಕಡೆ ಮನೆಯ ನಾಯಿ. ಆ ನಾಯಿಗೆ ಕಥೆಯಲ್ಲಿ ಕೆಲಸವೇ ಇಲ್ಲ. ಹೋಗುವಾಗ ಹೋಯಿತು, ಬರುವಾಗ ಬಂತು. ಆದರೂ ಬರೆದವರು ಅದನ್ನು ಬಿಡಲಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯ ಕೇಂದ್ರಗಳಲ್ಲಿ ಇರಿಸಬೇಕು, ಮತ್ತೆ ಅಲ್ಲಿಗೇ ಬಿಡಕೂಡದು ಎಂದು ಆದೇಶಿಸಿತು. ಮಕ್ಕಳಿಗೆ ಕಚ್ಚಿದ ಪ್ರಕರಣಗಳು, ರೇಬಿಸ್ ಸಾವುಗಳು ಇದರ ಹಿಂದಿವೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಕಚ್ಚಿಸಿಕೊಂಡ ಮಗುವಿನ ತಾಯಿಯ ಎದುರು ನಾಯಿಪ್ರೀತಿಯ ಭಾಷಣ ಮಾಡುವುದು ನನಗೆ ಆಗದ ಕೆಲಸ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿರಿ. ಅರಿಶಿನ, ಸುಣ್ಣ, ಮಂತ್ರ ಯಾವುದೂ ಬೇಡ.

ನಮ್ಮ ಧರ್ಮಕೇಂದ್ರದ ಶಾಲೆಯಲ್ಲೂ ಆದೇಶ ಪಾಲಿಸಬೇಕಾಯಿತು. ಅಲ್ಲಿದ್ದದ್ದು ಮೂರು. ಎರಡು ಗಂಡು ಮರಿಗಳನ್ನು ವಾರದೊಳಗೆ ಮನೆಗಳವರು ಕೇಳಿ ಒಯ್ದರು. ಮೂರನೆಯದು ಮಕ್ಕಳು ಕರಿ ಎಂದು ಕರೆಯುತ್ತಿದ್ದ ಹೆಣ್ಣುನಾಯಿ. ಒಂಬತ್ತು ವರ್ಷವಿರಬಹುದು. ಹಿಂಗಾಲು ಒಂದು ಊನ, ಮೂತಿಯ ಸುತ್ತ ನರೆ. ಜನವರಿಯಿಂದ ಆಶ್ರಯ ಕೇಂದ್ರದಲ್ಲಿದೆ. ಅಲ್ಲಿ ಕೆಲಸ ಮಾಡುವವರು ಹೇಳಿದ್ದಿಷ್ಟು: ಬರುವವರು ಮರಿ ಕೇಳುತ್ತಾರೆ, ಗಂಡು ಕೇಳುತ್ತಾರೆ, ಬಿಳಿಯದೋ ಕಂದೋ ಕೇಳುತ್ತಾರೆ, ಇಲ್ಲವೇ ಜಾತಿನಾಯಿ ಕೇಳುತ್ತಾರೆ. ಕರಿಯನ್ನು ಕೇಳಿದವರು ಈವರೆಗೆ ಯಾರೂ ಇಲ್ಲ. ಸ್ವಾಮಿಗಳೇ ಇಟ್ಟುಕೊಳ್ಳಬಾರದೇ ಎಂದು ಕೇಳುವವರಿಗೆ ಉತ್ತರ: ಗುರುನಿವಾಸ ಶಾಲೆಯ ಕಾಂಪೌಂಡಿನ ಒಳಗೇ ಇದೆ.

ಅಮೆರಿಕದಂಥ ದೇಶಗಳಲ್ಲಿ ಆಶ್ರಯ ಕೇಂದ್ರ ತುಂಬಿದಾಗ ಹೀಗೆ ಯಾರೂ ಕೇಳದೆ ಉಳಿದ ನಾಯಿಯನ್ನು ಇಂಜೆಕ್ಷನ್ ಕೊಟ್ಟು ಕೊಲ್ಲುವುದುಂಟು. ಕಾಯಿಲೆಯಿಲ್ಲದಿದ್ದರೂ ಅದಕ್ಕೆ ದಯಾಮರಣ ಎಂದೇ ಹೆಸರು. ನರಳುತ್ತಿರುವ, ವಾಸಿಯಾಗುವ ದಾರಿಯೇ ಇಲ್ಲದ ಪ್ರಾಣಿಗೆ ಪಶುವೈದ್ಯರು ನೋವಿಲ್ಲದ ಅಂತ್ಯ ಕೊಟ್ಟರೆ ಅದನ್ನು ದಯೆ ಎನ್ನಬಹುದು. ಜಾಗವಿಲ್ಲವೆಂದು ಕೊಂದರೆ ಅಲ್ಲಿ ಮರಣವಿದೆ, ದಯೆ ಎಲ್ಲಿದೆ? ನಮ್ಮ ದೇಶದ 2023ರ ನಿಯಮಗಳು ವಾಸಿಯಾಗದ ಕಾಯಿಲೆಯ, ಬದುಕುಳಿಯದಂಥ ಗಾಯದ ಬೀದಿನಾಯಿಗೆ ಮಾತ್ರ ಅದನ್ನು ಒಪ್ಪುತ್ತವೆ. ಇದು ಸುಮ್ಮನೆ ಬಂದದ್ದಲ್ಲ. ನಮ್ಮ ಚೆನ್ನೈಯಲ್ಲೇ ಕಾರ್ಪೊರೇಶನ್ ನಾಯಿಗಳನ್ನು ಹಿಡಿದು ಕರೆಂಟ್ ಹಾಯಿಸಿ ಕೊಲ್ಲುತ್ತಿದ್ದ ಕಾಲವಿತ್ತು. 1959ರಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆಯವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ, 1996ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿ ಹಿಡಿಯಿತು. ಆದರೆ ಕಾನೂನು ಕೊಲ್ಲಬೇಡ ಎಂದ ಮಾತ್ರಕ್ಕೆ ನಾಯಿ ಬದುಕಿತು ಎಂದಲ್ಲ. ಕಿಕ್ಕಿರಿದ ಗೂಡುಗಳಲ್ಲಿ ಪಾರ್ವೊ, ಡಿಸ್ಟೆಂಪರ್ ಬಂದರೆ ಒಂದರಿಂದ ಒಂದಕ್ಕೆ ಹರಡುತ್ತದೆ. ಮುದಿ ನಾಯಿ ಮೂಲೆ ಸೇರಿ ಊಟ ಬಿಡುತ್ತದೆ. ಅಲ್ಲಿಂದ ಒಂದು ನಾಯಿ ಒಂದು ಮನೆಗೆ ಹೋದರೆ ಬದುಕುವುದು ಅದೊಂದೇ ಅಲ್ಲ, ಅದರ ಜಾಗಕ್ಕೆ ಬರುವ ಇನ್ನೊಂದೂ.

ಸಂತ ಮಾರ್ಟಿನ್ ದೆ ಪೋರಸ್ ಅವರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಪೆರು ದೇಶದ ಲಿಮಾ ನಗರದವರು. ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು, ತಂದೆ ಸ್ಪೇನಿನವನು. ಮೈಬಣ್ಣದ ಕಾರಣಕ್ಕೆ ಡೊಮಿನಿಕನ್ ಮಠದಲ್ಲಿ ಮೊದಲು ಬರೀ ಆಳಾಗಿ ಸೇರಬೇಕಾಯಿತು. 1639ರಲ್ಲಿ ತೀರಿಕೊಂಡರು, ಸಂತ ಪದವಿ ಸಿಕ್ಕಿದ್ದು 1962ರಲ್ಲಿ. ಹಗಲೆಲ್ಲ ರೋಗಿಗಳ ಸೇವೆ. ಗಾಯಗೊಂಡ ನಾಯಿಬೆಕ್ಕುಗಳಿಗೆ ತಂಗಿಯ ಮನೆಯಲ್ಲಿ ಆರೈಕೆ. ಅವರ ಚರಿತ್ರೆಯಲ್ಲಿ ಹೇಳುವ ಒಂದು ಪ್ರಸಂಗವಿದೆ. ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಬ್ರದರ್ ಒಬ್ಬರ ಬಳಿ ಹದಿನೆಂಟು ವರ್ಷದ ನಾಯಿಯಿತ್ತು. ಮುದಿಯಾಯಿತು, ಮೈ ವಾಸನೆ ಬರುತ್ತದೆ ಎಂದು ಅವರು ಅದನ್ನು ಕೊಲ್ಲಿಸಿದರು. ಮಾರ್ಟಿನ್ ಆ ಹೆಣವನ್ನು ತಮ್ಮ ಕೋಣೆಗೆ ಎತ್ತಿಕೊಂಡು ಹೋಗಿ ಪ್ರಾರ್ಥಿಸಿದರು. ಮರುದಿನ ನಾಯಿ ಎದ್ದು ಓಡಾಡಿತಂತೆ. ಅಷ್ಟು ವರ್ಷ ಜೊತೆಗಿದ್ದು ಸೇವೆ ಮಾಡಿದ ಜೀವಕ್ಕೆ ಇದೇ ಸಂಬಳವೇ ಎಂದು ಆ ಬ್ರದರ್‌ಗೆ ಹೇಳಿದರು. ಆ ಕೃತಘ್ನ ಯಜಮಾನನಿದ್ದ ಉಗ್ರಾಣದ ಕಡೆ ಮತ್ತೆ ಸುಳಿಯಬೇಡ ಎಂದು ನಾಯಿಗೂ ಬುದ್ಧಿ ಹೇಳಿದರಂತೆ. ಪವಾಡದ ಭಾಗವನ್ನು ನೀವು ಹೇಗೆ ಬೇಕಾದರೂ ತೆಗೆದುಕೊಳ್ಳಿ. ಆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ಬಣ್ಣದ ಮಾತಿಗೆ ಬಂದರೆ, ಕರಿನಾಯಿ ಮನೆಗೆ ಆಗಿಬರುವುದಿಲ್ಲ ಎಂದು ನಮ್ಮ ಕ್ರೈಸ್ತ ಮನೆಗಳಲ್ಲೂ ಹೇಳುವುದನ್ನು ಕೇಳಿದ್ದೇನೆ. ಶಕುನ ನಂಬುವವರು ಮೊದಲನೆಯ ಕಟ್ಟಳೆಯನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅದೂ ಅಲ್ಲದೆ ನಾವು ಕನ್ನಡಿಗರು. ಮಂಡ್ಯದ ಕಡೆಯ ಆತಕೂರಿನಲ್ಲಿ ಸುಮಾರು 949-50ರ ಒಂದು ವೀರಗಲ್ಲು ಸಿಕ್ಕಿದೆ. ತಮಿಳುನಾಡಿನ ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಎಂದಾಗ, ಅವನು ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆ ಕಲ್ಲನ್ನು ನೋಡಬಹುದು.

ಇನ್ನು, ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತು. ಮನುಷ್ಯರಿಗೇ ಕೂಳಿಲ್ಲ, ನಾಯಿಗೇಕೆ? ಧರ್ಮಸಭೆಯ ಬೋಧನೆ ಇಲ್ಲಿ ಎರಡೂ ಕಡೆ ನೇರವಾಗಿದೆ. ಧರ್ಮೋಪದೇಶ ಗ್ರಂಥದ 2418ನೇ ಪ್ಯಾರಾ ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ ಎನ್ನುತ್ತದೆ. ಅದೇ ಉಸಿರಿನಲ್ಲಿ, ಮನುಷ್ಯರ ಸಂಕಟಕ್ಕೆ ಮೊದಲು ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ಎಲ್ಲ ಸೃಷ್ಟಿಯೂ ಒಂದು ಕುಟುಂಬ ಎಂಬರ್ಥದಲ್ಲಿ 2015ರಲ್ಲಿ 'ಲೌದಾತೊ ಸಿ' ಬರೆದ ಜಗದ್ಗುರು ಫ್ರಾನ್ಸಿಸ್ ಅವರೇ, 2022ರ ಜನವರಿಯಲ್ಲಿ, ಮಕ್ಕಳ ಬದಲಿಗೆ ನಾಯಿಬೆಕ್ಕು ಸಾಕಿ ತೃಪ್ತರಾಗುವವರನ್ನು ಟೀಕಿಸಿದರು. ಸಾವಿರಾರು ರೂಪಾಯಿ ಕೊಟ್ಟು ಅಂಗಡಿಯಿಂದ ಜಾತಿನಾಯಿ ತಂದು, ಬಾಡಿಗೆ ಮನೆ ಬದಲಿಸುವಾಗ ಹೆದ್ದಾರಿಯ ಬದಿ ಇಳಿಸಿ ಹೋಗುವುದು ಎರಡೂ ಬೋಧನೆಗಳಿಗೆ ವಿರುದ್ಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ ಕೂಡ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆ ಮೈದಾನದಲ್ಲಿ ಬಿಟ್ಟು ಬರುವ ನಮ್ಮ ಹಳ್ಳಿಗಳ ರೂಢಿಗೂ ಇದೇ ಮಾತು. ಹೆಣ್ಣು ಎಂಬ ಕಾರಣಕ್ಕೆ ಬೇಡವಾಗುವುದನ್ನು ನಾವು ನಾಯಿಗಳಲ್ಲಿ ಶುರು ಮಾಡಿದವರಲ್ಲ. ಒಂದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳ ಚಿಂತೆ ಅಲ್ಲಿಗೆ ಮುಗಿಯುತ್ತದೆ.

ಕರಿಯಂಥ ನಾಯಿಗೆ ಮಾತ್ರ ಮಕ್ಕಳ ರೊಟ್ಟಿ ಬೇಕಾಗಿಲ್ಲ. ಉಳಿದ ರಾಗಿಮುದ್ದೆ, ಅನ್ನ, ಒಂದಿಷ್ಟು ಮೊಸರು, ವಾರಕ್ಕೊಮ್ಮೆ ಮೊಟ್ಟೆ. ವಿನ್ಸೆಂಟ್ ದೆ ಪೌಲ್ ಸಭೆಯ ಡಬ್ಬಿಯಿಂದ ಒಂದು ಪೈಸೆ ಇದಕ್ಕೆ ತೆಗೆಯುವುದಿಲ್ಲ, ತೆಗೆಯಕೂಡದು. ಆ ಕಾನಾನ್ ತಾಯಿ ಕೇಳಿದಷ್ಟೇ ಇದು: ಮೇಜಿನ ಕೆಳಗಿನ ಜಾಗ, ಬೀಳುವ ಚೂರು.

ಮುದಿ ನಾಯಿಯಿಂದ ಅನುಕೂಲವೂ ಇದೆ. ಚಪ್ಪಲಿ ಕಚ್ಚುವ ವಯಸ್ಸು ದಾಟಿರುತ್ತದೆ. ಎಷ್ಟು ದೊಡ್ಡದಾಗುತ್ತದೋ ಎಂಬ ಚಿಂತೆಯಿಲ್ಲ, ಸ್ವಭಾವ ಗೊತ್ತಿರುತ್ತದೆ. ಮಕ್ಕಳು ಕೆಲಸಕ್ಕೆಂದು ಬೆಂಗಳೂರು ಸೇರಿ, ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರಿಗೆ ಮರಿಗಿಂತ ಅಂಥ ನಾಯಿಯೇ ಹೊಂದುತ್ತದೆ. ಮೊದಲ ಕೆಲವು ದಿನ ಮೂಲೆ ಹಿಡಿದು ಕೂರಬಹುದು, ತಿನ್ನದೆ ಇರಬಹುದು. ಬಲವಂತ ಮಾಡದೆ ಬಿಟ್ಟರೆ ತಾನಾಗಿ ಬರುತ್ತದೆ. ಸಾಕಲಾಗದಿದ್ದರೆ ಕೇಂದ್ರಕ್ಕೇ ವಾಪಸ್ ಕೊಡಿ. ಬೀದಿಗೆ ಬಿಡುವಂತಿಲ್ಲ, ಬರೆದುಕೊಡುವ ಪತ್ರದಲ್ಲೂ ಅದೇ ಷರತ್ತು ಇರುತ್ತದೆ.

ಬರುವ ಭಾನುವಾರ ಕನ್ನಡ ಪೂಜೆಯ ನಂತರ ಯುವಕ ಸಂಘದವರು ಆಶ್ರಯ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಕರಿಯ ಜೊತೆಗೆ ಬಹಳ ದಿನದಿಂದ ಉಳಿದಿರುವ ಇನ್ನೂ ನಾಲ್ಕಿವೆ: ಕಣ್ಣು ಮಂಜಾದ ಒಂದು, ಮೂರು ಕಾಲಿನದೊಂದು, ಎರಡು ವಯಸ್ಸಾದ ಹೆಣ್ಣುಗಳು. ಎಲ್ಲಕ್ಕೂ ಲಸಿಕೆ, ಶಸ್ತ್ರಚಿಕಿತ್ಸೆ ಆಗಿದೆ. ನೋಡಲು ಬರುವವರು ಉಪದೇಶಿಯವರ ಬಳಿ ಹೆಸರು ಕೊಡಿ. ಮನೆಮಂದಿಯೆಲ್ಲ ಒಪ್ಪಿದ ಮೇಲೆಯೇ ಕೊಡಿ, ಮುಖ್ಯವಾಗಿ ಅಡುಗೆಮನೆ ಯಾರ ಕೈಯಲ್ಲಿದೆಯೋ ಅವರು. ಮಕ್ಕಳನ್ನು ಕರೆತನ್ನಿ. ಕರಿ ಶಾಲೆಯ ಮಕ್ಕಳ ದನಿ ಕೇಳಿದರೆ ಈಗಲೂ ಎದ್ದು ಬಾಗಿಲ ಹತ್ತಿರ ಬರುತ್ತದೆ.