ಅಚೌರ್ಯಾಣುವ್ರತ ಮತ್ತು ಮರೆವಿನ ಬೀಗ

ಗೃಹಸ್ಥನ ಐದು ಅಣುವ್ರತಗಳಲ್ಲಿ ಅಚೌರ್ಯವೇ ಪಾಲಿಸಲು ಸುಲಭವಾದುದೆಂಬ ಭಾವನೆ ವ್ಯಾಪಾರಸ್ಥ ಶ್ರಾವಕರಲ್ಲಿ ಬೇರೂರಿದೆ. ಕನ್ನ ಹಾಕುವವರೂ ಕಿಸೆ ಕತ್ತರಿಸುವವರೂ ಬೇರೆ ಯಾರೋ. ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ಕಂಡು ಬಂದು ಅಂಗಡಿಯ ಬಾಗಿಲು ತೆರೆಯುವವನಿಗೆ ಆ ಪಾಪದ ಸೋಂಕಿಲ್ಲವೆಂಬ ನೆಮ್ಮದಿ ಅದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಲಕ್ಷಣವನ್ನು ಹೇಳುವಾಗ ಕನ್ನಗಳ್ಳನನ್ನು ಮುಂದೆ ನಿಲ್ಲಿಸಲಿಲ್ಲ. ಮತ್ತೊಬ್ಬರು ಇಟ್ಟದ್ದು, ಅವರ ಕೈಯಿಂದ ಬಿದ್ದದ್ದು, ಅವರು ಮರೆತುಹೋದದ್ದು ಇವುಗಳನ್ನು ಅವರು ಕೊಡದ ಹೊರತು ಮುಟ್ಟಬಾರದು, ಎತ್ತಿ ಬೇರೊಬ್ಬರಿಗೂ ದಾಟಿಸಬಾರದು ಎಂಬುದು ಅಲ್ಲಿನ ತಾತ್ಪರ್ಯ. ಇವುಗಳಲ್ಲಿ ಮರೆತ ವಸ್ತುವಿನ ಮಾತು ವಿಶೇಷ ಗಮನಕ್ಕೆ ಅರ್ಹವಾಗಿದೆ. ಒಡೆಯನ ನೆನಪು ಹೋದ ಮಾತ್ರಕ್ಕೆ ಅವನ ಒಡೆತನ ಹೋಗುವುದಿಲ್ಲ.

ಈ ಕಾಲದಲ್ಲಿ ಮರೆವು ಮತ್ತೊಂದು ದಿಕ್ಕಿನಿಂದ ಬಂದಿದೆ. ಕೊಂಡವನಿಗೆ ಎಲ್ಲವೂ ನೆನಪಿದೆ, ಮಾರಿದವನ ಯಂತ್ರಕ್ಕೆ ಮರೆತಿದೆ. ಆಗ ಧರ್ಮ ಯಾವುದು?

ಶೇಡಬಾಳದಂಥ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆಚಾರ್ಯಶ್ರೀ ವಿದ್ಯಾನಂದ ಮುನಿಮಹಾರಾಜರು 1925ರಲ್ಲಿ ಜನಿಸಿದ ಈ ಊರು ಕನ್ನಡ ಮರಾಠಿಗಳೆರಡೂ ಆಡುವ ಗಡಿಸೀಮೆಯಲ್ಲಿದೆ. ಈ ಸೀಮೆಯ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಗಳ ಭಜನೆಗಳು ಒಂದೇ ಮಂಟಪದಲ್ಲಿ ಕೇಳಿಬರುತ್ತವೆ. ಹಿಂದೆ ಅವು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಗುತ್ತಿದ್ದವು. ಈಗ ಒಂದು ಕೋಣೆ, ಒಂದು ಮೈಕು, ಒಂದು ಗಣಕಯಂತ್ರವಿದ್ದರೆ ಧ್ವನಿಮುದ್ರಣ ಸಾಧ್ಯ. ಇಂಥ ಕೋಣೆಯಿಟ್ಟುಕೊಂಡ ಸಮಾಜದ ತರುಣನೊಬ್ಬ, ತಂಬೂರಿ, ತಬಲಾ, ಹಾರ್ಮೋನಿಯಂ ಸ್ವರಗಳನ್ನು ನುಡಿಸಿ ಜೋಡಿಸುವ ತಂತ್ರಾಂಶವನ್ನು ಪೂರ್ಣ ಬೆಲೆ ಕೊಟ್ಟು ಕೊಂಡಿದ್ದಾನೆಂದು ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹಾರ್ಡ್ ಡಿಸ್ಕ್ ಕೆಟ್ಟಿತು, ಹೊಸದು ಹಾಕಿಸಿದ. ತಂತ್ರಾಂಶವನ್ನು ತೆರೆದರೆ, ಈ ಯಂತ್ರದ ಪರಿಚಯವಿಲ್ಲ, ನಿನಗೆ ಅನುಮತಿಯಿದ್ದ ಯಂತ್ರಗಳ ಸಂಖ್ಯೆ ಮುಗಿದಿದೆ ಎಂಬ ಉತ್ತರ. ಬಸದಿಯ ಟ್ರಸ್ಟಿಗೆ ಭಜನೆಗಳನ್ನು ಒಪ್ಪಿಸಲು ನಾಲ್ಕೇ ದಿನ ಉಳಿದಿದೆ. ಮಾರಾಟಗಾರನಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಅಷ್ಟರಲ್ಲಿ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಅದೇ ತಂತ್ರಾಂಶದ ಬೀಗ ಮುರಿದ ಪ್ರತಿಯನ್ನು ತಂದು ಮೇಜಿನ ಮೇಲಿಡುತ್ತಾನೆ. ನೀನು ದುಡ್ಡು ಕೊಟ್ಟಾಗಿದೆಯಲ್ಲ, ಇದರಲ್ಲಿ ಕಳ್ಳತನವೇನು ಬಂತು ಎನ್ನುತ್ತಾನೆ.

ಪ್ರಶ್ನೆ ಸಣ್ಣದೆಂದು ತೋರಬಹುದು, ಹಾಗೇನಿಲ್ಲ. ಮೊದಲು ಬೀಗದ ಸ್ವರೂಪ ತಿಳಿಯಬೇಕು. ತಂತ್ರಾಂಶವು ನಕಲಾಗದಂತೆ ಕಾಯಲು ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು, ಬೆರಳಿನಷ್ಟು ಉದ್ದದ ಸಾಧನವನ್ನು ಯಂತ್ರಕ್ಕೆ ಸಿಕ್ಕಿಸಿದರೆ ಮಾತ್ರ ಕೆಲಸ ನಡೆಯುವಂತೆ ಮಾಡುವುದು. ಇನ್ನೊಂದು, ಡಿಸ್ಕು, ಮದರ್‌ಬೋರ್ಡು, ನೆಟ್‌ವರ್ಕ್ ಕಾರ್ಡು ಮುಂತಾದವುಗಳ ಗುರುತುಗಳನ್ನು ಕೂಡಿಸಿ ಯಂತ್ರಕ್ಕೊಂದು ಚಹರೆ ಕಟ್ಟಿ, ಅದನ್ನು ದೂರದ ಊರಿನಲ್ಲಿರುವ ಮಾರಾಟಗಾರನ ಸರ್ವರಿನಲ್ಲಿ ಬರೆದಿಡುವುದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಎರಡನೆಯ ಪದ್ಧತಿಯನ್ನು ಮನೆಮನೆಗೆ ಪರಿಚಯಿಸಿತು. ಬಿಡಿಭಾಗ ಬದಲಾದರೆ ಚಹರೆ ಬದಲಾಗುತ್ತದೆ. ಕೋಣೆ ಅದೇ, ಮೇಜು ಅದೇ, ಕೂತವನೂ ಅವನೇ. ಬೀಗಕ್ಕೆ ಮಾತ್ರ ಅವನು ಅಪರಿಚಿತ.

ಇದು ಒಬ್ಬಿಬ್ಬರ ದುರದೃಷ್ಟವೂ ಅಲ್ಲ. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯಲ್ಲಿ ಹಾಡು ಕೊಂಡವರಿಗೆ, ಆಗಸ್ಟ್ 31ರ ನಂತರ ಹೊಸ ಗಣಕಯಂತ್ರಗಳಿಗೆ ಅನುಮತಿ ಕೊಡುವುದಿಲ್ಲವೆಂದು ತಿಳಿಸಿತು. ಗ್ರಾಹಕರು ಗಲಾಟೆಯೆಬ್ಬಿಸಿದ ಮೇಲೆ ಆ ಅವಧಿಯನ್ನು 2011ರ ಕೊನೆಯವರೆಗೆ ಮುಂದೂಡಿತು. 2013ರ ಜೂನ್‌ನಲ್ಲಿ ಪೇಸ್ ಎಂಬ ಸಂಸ್ಥೆ ತನ್ನ ಐಲಾಕ್ ವ್ಯವಸ್ಥೆಯನ್ನು ಹೊಸದಕ್ಕೆ ಬದಲಿಸುವಾಗ, ಬೆಲೆ ತೆತ್ತ ಸಂಗೀತ ತಯಾರಕರು ಅನೇಕರು ತಮ್ಮದೇ ಪರವಾನಗಿಗಳು ಸಿಗದೆ ಕೆಲಸ ನಿಲ್ಲಿಸಿ ಕೂರಬೇಕಾಯಿತು. ಕ್ಯೂಬೇಸ್ ತಂತ್ರಾಂಶದ ತಯಾರಕರಾದ ಜರ್ಮನಿಯ ಸ್ಟೈನ್‌ಬರ್ಗ್‌ನವರು 2022ರಲ್ಲಿ ಸಿಕ್ಕಿಸುವ ಬೀಗವನ್ನು ಕೈಬಿಟ್ಟು ಹೊಸ ಪದ್ಧತಿಗೆ ಹೋದರು. ಅವರ ಹಳೆಯ ಇಲೈಸೆನ್ಸರ್ ಸೇವೆ 2025ರ ಮೇ 20ರಂದು ಮುಚ್ಚಿತು. ಮುನ್ಸೂಚನೆ ಬಹಳ ಮೊದಲೇ ಕೊಟ್ಟಿದ್ದರೆಂಬುದು ಅವರ ಪರವಾಗಿ ಹೇಳಬೇಕಾದ ಮಾತು.

ಈಗ ಮಾರಿದವನ ಕಡೆಯನ್ನು ವಿಚಾರಿಸಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳಿದ್ದಾರೆ. ಇಟ್ಟ ಠೇವಣಿಯ ಲೆಕ್ಕವನ್ನು ಇಟ್ಟವನೇ ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿಕೊಂಡು ಕೊಟ್ಟು ಕಳಿಸುವುದು ಆ ದೋಷ. ಅಲ್ಲಿ ಒಂದೂ ಸುಳ್ಳು ಸಂಖ್ಯೆಯನ್ನು ತಾನಾಗಿ ಹೇಳಿಲ್ಲ, ಮರೆವಿನ ಲಾಭ ಪಡೆದದ್ದಷ್ಟೇ. ಆದರೂ ವ್ರತಕ್ಕೆ ಕಲೆ ತಗುಲಿತು. ತಂತ್ರಾಂಶ ಕೊಂಡವನ ಹಕ್ಕು ಈಗ ಅಂಥ ಠೇವಣಿಯಾಗಿಯೇ ಉಳಿದಿದೆ. ಸಾಂಗಲಿಯ ಹರಿಪುರದಲ್ಲಿ ಅರಿಸಿನವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದ ಕಾಲವನ್ನು ಹಿರಿಯ ವ್ಯಾಪಾರಸ್ಥರು ಬಲ್ಲರು. ಮಾಲು ನೆಲದೊಳಗೆ, ಕಣ್ಣಿಗೆ ಕಾಣುವುದು ಲೆಕ್ಕವೊಂದೇ. 2005ರ ಮಹಾಪೂರದಲ್ಲಿ ಆ ಹಗೇವುಗಳಿಗೆ ನೀರು ನುಗ್ಗಿ ಅರಿಸಿನ ಹಾಳಾದಾಗ ಕೃಷ್ಣೆಯನ್ನು ದೂರುವುದಷ್ಟೇ ಉಳಿಯಿತು. ಆದರೆ ಹಗೇವಿನ ಒಡೆಯನೇ ವಹಿಯ ಹಾಳೆ ಕಳೆದುಕೊಂಡು, ನಿನ್ನ ಮಾಲು ಇಲ್ಲಿಲ್ಲ, ಬೇಕಾದರೆ ಮತ್ತೊಮ್ಮೆ ಕೊಂಡುಕೋ ಎಂದಿದ್ದರೆ ಪೇಟೆಯಲ್ಲಿ ಯಾರೂ ಅದನ್ನು ಮರೆವೆಂದು ಕರೆಯುತ್ತಿರಲಿಲ್ಲ.

ಇನ್ನೂ ಹತ್ತಿರದ ದೋಷವೊಂದಿದೆ. ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂದರೆ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು. ತಂತ್ರಾಂಶದ ಬೀಗವೂ ಒಂದು ತಕ್ಕಡಿಯೇ, ಅದು ಯಂತ್ರಗಳನ್ನು ಎಣಿಸುತ್ತದೆ. ಡಿಸ್ಕು ಬದಲಿಸಿದ ಒಂದೇ ಯಂತ್ರವನ್ನು ಎರಡೆಂದು ಎಣಿಸುವ ತಕ್ಕಡಿ ಸಾಚಾ ತಕ್ಕಡಿಯಲ್ಲ. ಕಬ್ಬಿನ ಗಾಡಿ ತೂಗುವ ಕಾಟಾಕ್ಕೂ ಕಿರಾಣಿ ಅಂಗಡಿಯ ತಕ್ಕಡಿಗೂ ಸರಕಾರದ ಅಧಿಕಾರಿ ನಿಯತಕಾಲಕ್ಕೆ ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಾನೆ. ಈ ತಕ್ಕಡಿಗೆ ಮುದ್ರೆ ಹಾಕುವವರಿಲ್ಲ. ಯಂತ್ರ ತಪ್ಪು ಮಾಡಿತು ಎಂಬ ಸಮಜಾಯಿಷಿ ಜೈನನಿಗೆ ಒಪ್ಪಿಗೆಯಾಗಲಾರದು, ಏಕೆಂದರೆ ಉಮಾಸ್ವಾಮಿಗಳ ವಿಚಾರದಲ್ಲಿ ಹಿಂಸೆಗೂ ಚೌರ್ಯಕ್ಕೂ ಬೇರು ಪ್ರಮಾದ. ಯಂತ್ರಕ್ಕೆ ಪ್ರಮಾದವಿಲ್ಲ, ಡಿಸ್ಕುಗಳು ಕೆಡುವುದು ಸಹಜವೆಂದು ತಿಳಿದೂ ಅಂಥ ಬೀಗವನ್ನು ಕಟ್ಟಿ, ಕೇಳುವವನಿಗೆ ಉತ್ತರಿಸಲು ಜನರನ್ನು ನೇಮಿಸದವನಿಗೆ ಅದು ಇದೆ.

ಹೀಗೆಂದು ಮಾರಾಟಗಾರನೆಲ್ಲ ಅಧರ್ಮಿಯೆಂದು ತೀರ್ಮಾನಿಸುವುದು ಏಕಾಂತವಾದೀತು. ಬೀಗ ಹುಟ್ಟಿದ್ದು ಕಳ್ಳರಿಂದ. ವರ್ಷಗಟ್ಟಲೆ ದುಡಿದು ಮಾಡಿದ ತಂತ್ರಾಂಶ ಒಂದು ಪೆನ್‌ಡ್ರೈವಿನಲ್ಲಿ ಊರೆಲ್ಲ ಹಂಚಿಹೋದರೆ ಮಾಡಿದವನು ಉಣ್ಣುವುದೇನನ್ನು? ಧನವು ಮನುಷ್ಯನ ಬಾಹ್ಯ ಪ್ರಾಣವೆಂಬ ಅಮೃತಚಂದ್ರಸೂರಿಗಳ ವಿಚಾರ ಅವನಿಗೂ ಅನ್ವಯಿಸುತ್ತದೆ.

ಇನ್ನು ಆ ತರುಣನ ಮೇಜಿನ ಮೇಲಿರುವ ಪೆನ್‌ಡ್ರೈವಿನ ಮಾತು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಬಹಳ ಸಮೀಪದ ಶಂಕೆಯೊಂದನ್ನು ಎತ್ತಿಕೊಂಡಿದ್ದಾರೆ. ಮುನಿಯು ಊರಿನ ಬೀದಿಯಲ್ಲಿ, ಅಗಸೆಬಾಗಿಲಲ್ಲಿ ಯಾರನ್ನೂ ಕೇಳದೆ ಹಾದುಹೋಗುತ್ತಾನೆ, ಅದು ಕೊಡದೆ ತೆಗೆದುಕೊಂಡಂತೆ ಆಗಲಿಲ್ಲವೇ ಎಂಬುದು ಶಂಕೆ. ಅವು ಎಲ್ಲರಿಗೂ ಬಿಟ್ಟ ಹಾದಿಗಳಾದ್ದರಿಂದ ದೋಷವಿಲ್ಲ, ಮುಚ್ಚಿದ ಬಾಗಿಲನ್ನು ಮಾತ್ರ ಮುನಿ ಪ್ರವೇಶಿಸುವುದಿಲ್ಲ ಎಂಬುದು ಸಮಾಧಾನ. ಹಾಗಾದರೆ ಮುಚ್ಚಿದ ಬಾಗಿಲು ತನ್ನ ಮನೆಯದೇ ಆಗಿದ್ದರೆ? ಬೀಗದ ಕೈ ಕಳೆದ ಗೃಹಸ್ಥ ಬಡಗಿಯನ್ನು ಕರೆಸಿ ತನ್ನ ಮನೆಯ ಬಾಗಿಲು ತೆಗೆಸಿದರೆ ಅವನನ್ನು ಕಳ್ಳನೆನ್ನುವ ಶಾಸ್ತ್ರವಿಲ್ಲ. ಕೊಟ್ಟದ್ದನ್ನೇ ಪಡೆದವನಲ್ಲಿ ಅದತ್ತಾದಾನದ ಮಾತು ಹುಟ್ಟುವುದಿಲ್ಲ.

ಆಶ್ಚರ್ಯವೆಂದರೆ ದೇಶದ ಕಾಯಿದೆಯೂ ಇದರ ಹತ್ತಿರವೇ ಬಂದು ನಿಂತಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ, ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಹಾನಿ ನಷ್ಟಗಳಿಂದ ರಕ್ಷಣೆಗಾಗಿ ನಕಲು ಇಟ್ಟುಕೊಳ್ಳುವುದು ಉಲ್ಲಂಘನೆಯಲ್ಲವೆಂದಿದೆ. 2012ರಲ್ಲಿ ಸೇರಿಸಿದ 65ಎ ಕಲಮು ಬೀಗ ಮುರಿಯುವುದಕ್ಕೆ ಎರಡು ವರ್ಷಗಳವರೆಗೆ ಸೆರೆಮನೆ ಮತ್ತು ದಂಡವನ್ನು ವಿಧಿಸುತ್ತದಾದರೂ, ಮುರಿದವನಿಗೆ ಒಡೆಯನ ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಷರತ್ತನ್ನು ಇಟ್ಟಿದೆ. ಕ್ರಿಯೆಗಿಂತ ಭಾವವನ್ನು ಮುಂದಿಟ್ಟು ನೋಡುವುದು ಜೈನರಿಗೆ ಹೊಸದಲ್ಲ.

ಆದರೂ ಪೆನ್‌ಡ್ರೈವಿನಲ್ಲಿರುವುದು ಬಡಗಿಯ ಉಳಿಯಲ್ಲ. ಅದು ಯಾರೋ ಅಪರಿಚಿತರು ಒಡೆಯನ ಅನುಮತಿಯಿಲ್ಲದೆ ಸಾವಿರಾರು ಜನರಿಗೆ ಹಂಚಲೆಂದೇ ಮಾಡಿದ ಪ್ರತಿ. ಕಳ್ಳನು ತಂದದ್ದನ್ನು ಸ್ವೀಕರಿಸುವುದು ತದಾಹೃತಾದಾನವೆಂಬ ಬೇರೆಯೇ ಅತಿಚಾರ. ಸ್ವೀಕರಿಸುವವನಿಗೆ ಅಂಥದೇ ವಸ್ತುವಿನ ಮೇಲೆ ಹಕ್ಕಿತ್ತೆಂಬುದರಿಂದ ಅದು ಅಳಿಯದು. ತನ್ನ ಆಕಳು ಕಳೆದವನು ಕಳ್ಳರ ಸಂತೆಯಲ್ಲಿ ಅದೇ ಬಣ್ಣದ ಆಕಳನ್ನು ಹೊಡೆದುಕೊಂಡು ಬರಲಾಗದು. ಜೊತೆಗೆ ಮನಸ್ಸಿನ ಜಾರುವಿಕೆಯೂ ಇದೆ. ಕೊಂಡ ತಂತ್ರಾಂಶಕ್ಕಾಗಿ ಇಂದು ಆ ಹಾದಿ ಹಿಡಿದವನು ನಾಳೆ ಕೊಳ್ಳದ ತಂತ್ರಾಂಶಕ್ಕೂ ಅದೇ ಗೆಳೆಯನನ್ನು ಕರೆಯುತ್ತಾನೆ, ಆಗಲೂ ಮೊದಲ ಅನ್ಯಾಯದ ನೆನಪೇ ಅವನಿಗೆ ಸಮರ್ಥನೆಯಾಗುತ್ತದೆ. ತಾನು ಕೊಂಡ ಪ್ರತಿಯನ್ನೇ ತನ್ನ ಯಂತ್ರದಲ್ಲಿ ಮತ್ತೆ ನಡೆಯುವಂತೆ ಮಾಡಿಕೊಳ್ಳುವುದು ಒಂದು, ಕದ್ದ ಪ್ರತಿಯನ್ನು ಮನೆಗೆ ತರುವುದು ಇನ್ನೊಂದು. ಅಣುವ್ರತಿಯಾದ ತರುಣನಿಗೆ ಮೊದಲನೆಯದು ಸಲ್ಲುತ್ತದೆ, ಎರಡನೆಯದು ಸಲ್ಲದು.

ಮೊದಲನೆಯದು ಅವನ ಕೈಯಲ್ಲಿ ಆಗದ ಕೆಲಸವಾದರೆ, ನಾಲ್ಕು ದಿನಗಳ ಗತಿಯೇನು? ಭಜನೆ ತಡವಾಗುತ್ತದೆ. ಅಷ್ಟೇ. ತಡವಾಯಿತೆಂದು ಟ್ರಸ್ಟಿನವರ ಮುಂದೆ ಹೇಳುವುದು ಅವನಿಗೆ ಕಷ್ಟ. ಮುಂದಿನ ಮಹೋತ್ಸವದ ಕೆಲಸ ಬೇರೆಯವನಿಗೆ ಹೋದೀತು. ಬೇರೆಯವನು ಬೆಲೆ ಕಡಿಮೆ ಹೇಳುತ್ತಾನೆ, ಅವನ ತಂತ್ರಾಂಶವೆಲ್ಲ ಪುಕ್ಕಟೆಯದಾದ್ದರಿಂದ ಕಡಿಮೆ ಹೇಳಬಲ್ಲ. ಕಡಿಮೆ ದರದವನನ್ನೇ ಆರಿಸುವ ಟ್ರಸ್ಟುಗಳು ಆ ಕಡಿಮೆಯ ಮೂಲವನ್ನು ಕೇಳಿದ್ದು ಅಪರೂಪ. ಮಾರಾಟಗಾರನ ಮೇಲೆ ದೂರು ಕೊಡುವ ಹಾದಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವನೂ ಆ ಕಾಯಿದೆಯಲ್ಲಿ ಗ್ರಾಹಕನೇ. ನಾಲ್ಕು ದಿನದಲ್ಲಿ ಅಲ್ಲಿಂದ ಫಲ ಬರುವುದಿಲ್ಲವೆಂಬುದು ಬೇರೆ ಮಾತು. ಕೊಂಡ ಬಿಲ್ಲು, ಕ್ರಮಸಂಖ್ಯೆ, ಬರೆದ ಪತ್ರಗಳು ಜೋಪಾನವಾಗಿದ್ದರೆ ಮಾತ್ರ ಆ ಹಾದಿ ತೆರೆದಿರುತ್ತದೆ.

ಟ್ರಸ್ಟುಗಳು ತಮ್ಮ ಕಚೇರಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು. ತೊಂಬತ್ತರ ದಶಕದಲ್ಲಿ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಕನ್ನಡ ಜೋಡಣೆಗೆ ಬಳಸಿದ ಡಿಟಿಪಿ ತಂತ್ರಾಂಶಗಳು ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುವ ಬೀಗದೊಡನೆ ಬರುತ್ತಿದ್ದವು. ಬೀಗ ಮುರಿದ ಪ್ರತಿಗಳೂ ಊರೂರಿಗೆ ಹಂಚಿಹೋಗಿದ್ದವು, ಅಚೌರ್ಯದ ಮೇಲಿನ ಲೇಖನವೂ ಅಂಥ ಪ್ರತಿಯಲ್ಲಿ ಜೋಡಣೆಗೊಂಡಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಬೆಲೆ ಕೊಟ್ಟು ಕೊಂಡವರ ಬೀಗಗಳು ಈಗ ಕಪಾಟಿನಲ್ಲಿವೆ. ಅವನ್ನು ಸಿಕ್ಕಿಸುವ ಜಾಗ ಇಂದಿನ ಗಣಕಯಂತ್ರಗಳಲ್ಲಿ ಇಲ್ಲ, ಯೂನಿಕೋಡಿಗೆ ಮೊದಲಿನ ಆ ಅಕ್ಷರಗಳು ಬೇರೆ ತಂತ್ರಾಂಶದಲ್ಲಿ ಅರ್ಥವಾಗದ ಗುರುತುಗಳಾಗಿ ಕಾಣುತ್ತವೆ. ಧ್ವನಿಮುದ್ರಣ ಮಾಡಿಸುವ ಟ್ರಸ್ಟು ಪ್ರತಿ ವಾದ್ಯ, ಪ್ರತಿ ಕಂಠದ ಧ್ವನಿಯನ್ನೂ ಬೇರೆಬೇರೆಯಾಗಿ, ಯಾವ ಬೀಗವೂ ಇಲ್ಲದ ವೇವ್ ಕಡತಗಳಲ್ಲಿ ಕೇಳಿ ಪಡೆದು ಎರಡು ಕಡೆ ಇಟ್ಟುಕೊಳ್ಳಬೇಕು. ಆ ತರುಣನೂ ಪ್ರತಿ ದಿನದ ಕೆಲಸದ ಕೊನೆಗೆ ಹಾಗೆಯೇ ತೆಗೆದಿಟ್ಟಿದ್ದರೆ, ಹಾಡಿದವರ ಕಂಠವಾದರೂ ಅವನ ಕೈಯಲ್ಲಿ ಉಳಿದಿರುತ್ತಿತ್ತು. ತಂಬೂರಿಯನ್ನು ಯಾರಾದರೂ ಎದುರಿಗೆ ಕೂತು ಮೀಟಬಹುದಿತ್ತು.